ತಲೆಯಾಡಿಸಿದವನ ಅತ್ತೆ

ಕತೆ ಹೇಳುವವರ ಎದುರಿಗೆ ಹೂಂಗುಟ್ಟುವವನೊಬ್ಬ ಇರಬೇಕು. ಅವನು ಹೂಂ ಅಂದರೆ ಕತೆ ಮುಂದಕ್ಕೆ ಹೋಗುತ್ತದೆ. ಈ ಕತೆಯೊಳಗಿನ ಒಬ್ಬ ಹೂಂ ಅಂದಿದ್ದಕ್ಕೆ ಅವನ ಬದುಕೇ ನಿಂತುಹೋಯಿತು. ಅವನು ಜೈಲಿನಲ್ಲಿದ್ದಾನೆ. ಹೊರಗೆ ಓಡಾಡಿದವಳು ಅವನ ಅತ್ತೆ, ಹೆಂಡತಿಯ ತಾಯಿ. ಹೇಳಬೇಕಾದ್ದು ಅವಳ ಸುದ್ದಿ.

ಮಗ್ಗದ ಶೆಡ್ಡಿನವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಕಂಡಿಕೆ ಅತ್ತೆ ಅಂತ. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯ ಹೊಟ್ಟೆಯೊಳಗೆ ಕೂರುವ ನೂಲು ಸುತ್ತಿದ ಕಡ್ಡಿಗೆ ಕಂಡಿಕೆ ಅನ್ನುತ್ತಾರೆ. ಅದನ್ನು ಸುತ್ತಿ, ಬುಟ್ಟಿ ತುಂಬಿ, ಒಂದೊಂದು ಮಗ್ಗದ ಬುಡಕ್ಕೂ ಹಂಚಿ ಬರುವುದು ಅವಳ ಕೆಲಸ. ಗಂಡ ಸತ್ತ ಮೇಲೆ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಆ ಶೆಡ್ಡಿಗೆ ಬಂದವಳು; ಮಗಳು ಬೆಳೆದು ಬಟ್ಟೆ ಅಂಗಡಿಯಲ್ಲಿ ಮಾರಾಟಕ್ಕೆ ನಿಂತರೂ ಇವಳು ಬುಟ್ಟಿ ಬಿಡಲಿಲ್ಲ. ಕೂದಲು, ಹುಬ್ಬು, ಚಹಾದ ಲೋಟ ಎಲ್ಲದರ ಮೇಲೂ ಹತ್ತಿಯ ಜುಂಗು. "ನಾನು ಮುದುಕಿ ಆಗಿಲ್ಲ ಕಣ್ರೋ, ಒದರಿದ್ರೆ ಕಪ್ಪಗೇ ಇದೀನಿ" ಅಂತ ತಲೆ ಕೊಡವಿ ನಗಿಸುತ್ತಿದ್ದಳು.

ನಗಿಸುವುದೆಂದರೆ ಸದ್ದು ಮಾಡಿಯಲ್ಲ. ತಗಡಿನ ಮಾಡಿನ ಕೆಳಗೆ ಸಾಲುಗಟ್ಟಿ ನಿಂತ ಮಗ್ಗಗಳು ಒಟ್ಟಿಗೆ ಬಡಿಯತೊಡಗಿದರೆ ಎದೆಬಡಿತ ಕೂಡ ತನ್ನದೋ ಮಗ್ಗದ್ದೋ ಗೊತ್ತಾಗುವುದಿಲ್ಲ. ಅಲ್ಲಿ ಯಾರೂ ದನಿ ಎತ್ತುತ್ತಿರಲಿಲ್ಲ. ತುಟಿ ಅಗಲಿಸಿ, ಮಾತನ್ನು ಬಟಾಣಿಕಾಳಿನ ಹಾಗೆ ಒಂದೊಂದಾಗಿ ಬಿಡಿಸಿ ಇಡುತ್ತಿದ್ದರು. ಎದುರಿನವರು ಕಣ್ಣಲ್ಲಿ ಆರಿಸಿಕೊಳ್ಳುತ್ತಿದ್ದರು. ಮನೆಯ ಜಗಳ, ಮೊಣಕಾಲು ನೋವು, ಮೇಸ್ತ್ರಿಯ ಹೊಟ್ಟೆಯ ಮೇಲಿನ ಹಾಸ್ಯ, ಎಲ್ಲವೂ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಸದ್ದಿಲ್ಲದೆ ಓಡಾಡುತ್ತಿದ್ದವು. ಈ ವಿದ್ಯೆಯಲ್ಲಿ ಕಂಡಿಕೆ ಅತ್ತೆಯನ್ನು ಮೀರಿಸಿದವರಿರಲಿಲ್ಲ.

ಆದರೆ ಆ ಸದ್ದಿನೊಳಗೆ ವರ್ಷಗಟ್ಟಲೆ ನಿಂತವರ ಕಿವಿ ಉಳಿಯುತ್ತದೆಯೇ? ಅತ್ತೆಯ ರಾಟೆ ಪಕ್ಕದ ಚಿಕ್ಕ ಕೋಣೆಯಲ್ಲಿತ್ತು, ಹಾಗಾಗಿ ಅವಳ ಕಿವಿ ಬದುಕಿತ್ತು. ನೇಯುವವರದು ಒಬ್ಬೊಬ್ಬರದಾಗಿ ಹೋಗುತ್ತಿತ್ತು. ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಕಿವಿ ಹೋಯಿತೆಂದು ತಿಳಿದರೆ ಮಾಲೀಕರು ಮಾರನೆಯ ದಿನವೇ ಮನೆಗೆ ಕಳಿಸುತ್ತಿದ್ದರು. ಕೂಗಿದರೆ ಕೇಳಿಸದವನ ಕೈ ಯಂತ್ರಕ್ಕೆ ಸಿಕ್ಕರೆ ಹೊಣೆ ಯಾರು ಅನ್ನುವುದು ಅವರ ಮಾತು.

ಅಳಿಯ ಆ ಶೆಡ್ಡಿಗೆ ಬಂದಾಗ ಮೀಸೆ ಆಗಷ್ಟೇ ಚಿಗುರಿತ್ತು. ಹಿಂದುಮುಂದಿಲ್ಲದ ಹುಡುಗ. ಹರಿದ ಎಳೆಗೆ ಅವನು ಹಾಕಿದ ಗಂಟು ಬೆರಳಿಗೂ ಸಿಗುತ್ತಿರಲಿಲ್ಲ. "ಮುಖ ನೋಡಿ ಕೊಟ್ಟವರು ಇದಾರೆ, ಮನೆ ನೋಡಿ ಕೊಟ್ಟವರು ಇದಾರೆ, ನಾನು ಗಂಟು ನೋಡಿ ಹೆಣ್ಣು ಕೊಟ್ಟೆ" ಅನ್ನುತ್ತಿದ್ದಳು ಅತ್ತೆ. ಮದುವೆಯಾದ ಮೇಲೆ ಅಳಿಯನಿಗೆ ಮರ್ಯಾದೆ ಕೊಡಬೇಕೆಂದು ಒಂದು ದಿನ "ನೀವು ಊಟಕ್ಕೆ ಬನ್ನಿ" ಅಂದಳಂತೆ. ಅವನು ಹಿಂದೆ ಯಾರು ನಿಂತಿದ್ದಾರೆ ಅಂತ ತಿರುಗಿ ನೋಡಿದ. ಅವತ್ತಿಗೆ ಆ ಮರ್ಯಾದೆ ಮುಗಿಯಿತು.

ಅವನ ಕಿವಿ ಹೋಗುತ್ತಿರುವುದು ಮೊದಲು ಗೊತ್ತಾದದ್ದು ಅವಳಿಗೇ. ಶೆಡ್ಡಿನ ಬಾಗಿಲಲ್ಲಿ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಮೂಲೆಗೆ ಕರೆದು, ತುಟಿಯಲ್ಲೇ ಅವಳು ಹೇಳಿದ ಬುದ್ಧಿಮಾತು ಇದು: "ಯಾರಾದ್ರೂ ಏನಾದ್ರೂ ಕೇಳಿ ಗೊತ್ತಾಗದಿದ್ರೆ ಹೂಂ ಅಂತ ತಲೆ ಆಡಿಸಿಬಿಡು. ಒಪ್ಪಿದವನನ್ನ ಯಾರೂ ಎರಡನೇ ಸಲ ಕೇಳಲ್ಲ." ಶೆಡ್ಡಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಮಗಳಿಗೆ ಮಾತ್ರ ಹೇಳಬೇಡ ಅಂದಳು. ಮಗಳ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ, ಅಂಗಡಿಗೆ ಬಂದವರ ಮುಂದೆಲ್ಲ ಆಡಿ ಕೆಲಸ ಕಳೆದಾಳು ಅನ್ನುವ ಭಯ. ಮನೆಯಲ್ಲಿ ಹೆಂಡತಿಯ ತುಟಿ ನೋಡಿಕೊಂಡು ಅವನು ನಿಭಾಯಿಸಿದ. ಗಂಡನಿಗೆ ಮಾತು ಕಮ್ಮಿ, ಮುಖ ನೋಡುವುದು ಜಾಸ್ತಿ ಅಂತ ಅವಳು ಮೊದಮೊದಲು ಹೆಮ್ಮೆಪಟ್ಟಳು.

ಹೀಗಿರುವಾಗ ಒಂದು ಮಧ್ಯಾಹ್ನ ಮೇಸ್ತ್ರಿಯ ಕೊಲೆಯಾಯಿತು. ಊಟದ ಹೊತ್ತು, ಮಗ್ಗಗಳು ನಿಂತಿದ್ದವು. ಅತ್ತೆಗೆ ಅವತ್ತು ರಜೆ. ನೂಲಿನ ಗೋದಾಮಿನೊಳಗೆ ಯಾರೋ ಕಬ್ಬಿಣದ ಸರಳಿನಿಂದ ಮೇಸ್ತ್ರಿಯ ತಲೆಗೆ ಹೊಡೆದು, ಹಿಂಬಾಗಿಲಿನಿಂದ ಓಣಿಗೆ ಇಳಿದು ಹೋಗಿದ್ದರು. ಅವನ ಕಿರುಚಾಟ ಅಂಗಳದಾಚೆ ಚಹಾ ಕುಡಿಯುತ್ತಿದ್ದ ಮಾಲೀಕರ ಗುಮಾಸ್ತನಿಗೂ ಡ್ರೈವರಿಗೂ ಕೇಳಿಸಿತು. ಓಡಿ ಬಂದು ನೋಡಿದರೆ, ಗೋದಾಮಿನ ಬಾಗಿಲ ಪಕ್ಕದ ಮಗ್ಗದಲ್ಲಿ ಅಳಿಯ ಬೆನ್ನು ಹಾಕಿ ಕೂತು ಹರಿದ ಎಳೆಗಳಿಗೆ ಗಂಟು ಹಾಕುತ್ತಿದ್ದಾನೆ! ಹಿಂದಿನ ದಿನವಷ್ಟೇ ಬಟ್ಟೆಯಲ್ಲಿ ದೋಷವಿದೆಯೆಂದು ಮೇಸ್ತ್ರಿ ಅವನನ್ನು ಎಲ್ಲರೆದುರು ಬೈದಿದ್ದ. ಇನ್ನೇನು ಬೇಕು? ಹೆಣದ ಮಗ್ಗುಲಲ್ಲಿ ಕೂತು ಕೆಲಸ ಮಾಡುತ್ತಿದ್ದ ಕಟುಕ ಅಂತ ಊರು ತೀರ್ಮಾನ ಮಾಡಿತು. ಕೋರ್ಟಿಗೆ ಸ್ವಲ್ಪ ಹೆಚ್ಚು ಕಾಲ ಹಿಡಿಯಿತು, ಅಷ್ಟೇ.

ವಿಚಾರಣೆಗೆ ಹೋಗುತ್ತಿದ್ದವಳು ಮಗಳು. ಇಬ್ಬರೂ ಕೆಲಸ ಬಿಟ್ಟರೆ ಒಲೆ ಹೊತ್ತುವುದು ಹೇಗೆ ಅಂತ ಅತ್ತೆ ರಾಟೆಯ ಮುಂದೆಯೇ ಉಳಿದಳು. ಜೀವಾವಧಿ ಅಂತ ತೀರ್ಪು ಬಂದ ಸಂಜೆ ಮಗಳು ಚಪ್ಪಲಿ ಕೂಡ ಬಿಚ್ಚದೆ ಒಳಗೆ ಬಂದು ಗೋಡೆಗೆ ಒರಗಿದಳು.

"ಕೊನೆಗೂ ತಾನೇ ಒಪ್ಕೊಂಡ ಅಮ್ಮ."

"ಏನಂತ ಒಪ್ಕೊಂಡ?"

"ಜಡ್ಜು ಒಂದೊಂದಾಗಿ ಕೇಳಿದ್ರು. ಜಗಳ ಆಗಿತ್ತಾ? ಹೂಂ. ಕಿರುಚಿದ್ದು ಕೇಳಿಸ್ತಾ? ಹೂಂ. ನೀನೇ ಹೊಡೆದ್ಯಾ? ಅದಕ್ಕೂ ಹೂಂ. ದನ ಮೆಲುಕು ಹಾಕೋ ಹಾಗೆ ತಲೆ ಆಡಿಸ್ತಾ ನಿಂತಿದ್ದ."

ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಜಡ್ಜು ಅವನ ಮುಖ ನೋಡ್ತಾ ಕೇಳಿದ್ರಾ, ಕೆಳಗೆ ನೋಡ್ತಾ ಕೇಳಿದ್ರಾ?"

"ಇದೆಂಥಾ ಪ್ರಶ್ನೆ? ಕಾಗದ ನೋಡ್ತಾ ಕೇಳಿದ್ರು. ಅವರೇನು ಇವನ ಚಂದ ನೋಡೋಕೆ ಕೂತಿದ್ರಾ?"

"ಅಯ್ಯೋ, ಅವನಿಗೆ ಕಿವಿ ಕೇಳಿಸಲ್ಲ ಕಣೇ."

ಮಗಳು ನಕ್ಕಳು. ಕೆಟ್ಟ ನಗು. "ಸಂಸಾರ ಮಾಡಿದವಳು ನಾನು. ನಂಗೆ ಗೊತ್ತಿಲ್ಲದ ಕಿವುಡು ನಿಂಗೆ ಗೊತ್ತಾಯ್ತಾ? ಅಳಿಯನ್ನ ಬಿಡಿಸೋಕೆ ಈಗ ಕಿವುಡು ಬೇರೆ ಅಂಟಿಸ್ತೀಯಾ?"

"ಅಳಿಯನಿಗಿಂತ ಮೊದಲು ನಿನ್ನ ಗಂಡ ಅಲ್ವೇನೇ?"

"ಹೌದೌದು, ಅಳಿಯ ಅಲ್ಲ ಮಗಳ ಗಂಡ! ಗಾದೆ ಹೇಳ್ಕೊಂಡು ಕೂತಿರು. ಅವನ ಎದೆ ಎಂಥದ್ದು ಅಂತ ನಂಗೊತ್ತು, ನಿಂಗೊತ್ತಿಲ್ಲ."

ಆ ವಾರವೇ ಮಗಳು ಬಟ್ಟೆಬರೆ ತುಂಬಿಕೊಂಡು ಅಂಗಡಿಯ ಹತ್ತಿರದ ಹೆಂಗಸರ ಹಾಸ್ಟೆಲಿಗೆ ಹೋದಳು. ಹೋಗುವಾಗ ಬಾಗಿಲಲ್ಲಿ ನಿಂತು, "ನಿಂಗೆ ಮಗಳು ನಾನಾ, ಅವನಾ?" ಅಂತ ಕೇಳಿದಳು. ಅತ್ತೆ ಅವಳ ಚೀಲದ ಬಾಯಿ ಬಿಗಿದು ಕಟ್ಟಿದಳು. ನನ್ನ ಬುದ್ಧಿಮಾತೇ ಅವನ ಕುತ್ತಿಗೆಗೆ ಬಂತು ಅಂತ ಯಾವ ಬಾಯಲ್ಲಿ ಹೇಳುವುದು?

ಜೈಲಿನ ಭೇಟಿಯ ಕೋಣೆ ಅಂದರೆ ಉದ್ದನೆಯ ಹಜಾರ. ನಡುವೆ ಎರಡು ಸಾಲು ಕಬ್ಬಿಣದ ಜಾಲರಿ. ಆಚೆ ಕೈದಿಗಳು, ಈಚೆ ಮನೆಯವರು, ಎಲ್ಲರೂ ಒಟ್ಟಿಗೆ ಕಿರುಚುತ್ತಾರೆ. ಯಾರ ಮಾತೂ ಯಾರಿಗೂ ಮುಟ್ಟುವುದಿಲ್ಲ. ಆ ಗದ್ದಲದಲ್ಲಿ ನೆಮ್ಮದಿಯಾಗಿ ಮಾತಾಡಿದವರು ಇವರಿಬ್ಬರೇ. ಪಕ್ಕದ ಹೆಂಗಸರು ಇವರ ಆಡುವ ತುಟಿ ನೋಡಿ, ಪಾಪ ಮೂಗರು ಅಂದುಕೊಂಡರು.

"ಕೇಳಿಸಲ್ಲ ಅಂತ ಯಾಕೆ ಹೇಳ್ಲಿಲ್ಲ? ನಿನ್ನ ವಕೀಲನಿಗಾದ್ರೂ?"

"ಗುಮಾಸ್ತ ಅಲ್ಲೇ ಕೂತಿದ್ದ ಅತ್ತೆ. ಹೇಳಿದ್ರೆ ಕೆಲಸ ಹೋಗ್ತಿತ್ತಲ್ಲ."

"ಜೀವಾವಧಿ ಆಯ್ತಲ್ಲೋ!"

"ಆಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಮಾಡಿಲ್ಲ ಅಂದ ಮೇಲೆ ಬಿಟ್ಟೇ ಬಿಡ್ತಾರೆ, ಬಿಟ್ಟ ಮೇಲೆ ಮಗ್ಗಕ್ಕೆ ವಾಪಸ್ ಹೋಗ್ಬೇಕಲ್ಲ ಅಂದ್ಕೊಂಡೆ." ಆಮೇಲೆ, "ಕೊನೇ ಪ್ರಶ್ನೆ ಏನು ಅತ್ತೆ? ಅದಕ್ಕೆ ಹೂಂ ಅಂದಾಗ ಎಲ್ಲರೂ ನನ್ನ ಕಡೆ ನೋಡಿದ್ರು."

ಅವಳು ಹೇಳಿದಳು. ಅವನು ಜಾಲರಿಗೆ ಹಣೆ ಹಚ್ಚಿ ನಿಂತ.

ಅಲ್ಲಿಂದ ಅವಳ ಓಡಾಟ ಶುರುವಾಯಿತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಲಾಯರಮ್ಮ ಒಬ್ಬಳಿದ್ದಳು. ಬಾಯಿ ಜೋರು, ಮನಸ್ಸು ಮೆತ್ತಗೆ; ಚಹಾದಲ್ಲಿ ಬಿಸ್ಕತ್ತು ಅದ್ದಿ ಅದು ಮುರಿದು ಬಿದ್ದರೆ ಎದುರು ಪಕ್ಷದವರನ್ನು ಬೈಯುವಷ್ಟೇ ಸಿಟ್ಟಿನಿಂದ ಬೈಯುತ್ತಿದ್ದಳು. ಮೇಲಿನ ಕೋರ್ಟಿಗೆ ಅಪೀಲು ಹಾಕಿದಳು. ಕೈದಿಯ ಕಿವಿ ಪರೀಕ್ಷೆಯೂ ಆಯಿತು. ಕೇಳಿಸುವುದಿಲ್ಲ ಅಂತ ವೈದ್ಯರು ಬರೆದುಕೊಟ್ಟರು. ಎದುರು ವಕೀಲರು, ಜೈಲಿಗೆ ಬಂದ ಮೇಲೆ ಹೋಗಿರಬಹುದು, ಕೊಲೆಯ ದಿನ ಕೇಳಿಸುತ್ತಿರಲಿಲ್ಲ ಅನ್ನುವುದಕ್ಕೆ ಏನು ಆಧಾರ ಅಂದರು.

"ನಾನಿದೀನಲ್ಲ, ನಾನು ಹೇಳ್ತೀನಿ" ಅಂದಳು ಅತ್ತೆ.

"ಅತ್ತೆ ಅಳಿಯನ ಪರ ಹೇಳೋದು ಸಹಜ ಅಂತಾರೆ ಅಮ್ಮ."

"ಯಾವ ಲೋಕದಲ್ಲಿ ಸಹಜ ಲಾಯರಮ್ಮ? ಅಳಿಯನ ಪರ ಇರೋ ಅತ್ತೆನ ನೀವೆಲ್ಲಾದ್ರೂ ನೋಡಿದೀರಾ?"

ಲಾಯರಮ್ಮ ನಕ್ಕಳು. ಆದರೆ ಜೊತೆಗೆ ನೇಯ್ದವರೇ ಬಂದು ಹೇಳಬೇಕು ಅನ್ನುವ ಮಾತು ಬದಲಾಗಲಿಲ್ಲ.

ಅತ್ತೆ ಮನೆ ಮನೆ ತಿರುಗಿದಳು. ಬಾಗಿಲು ತೆರೆದವರ ಎದುರು ಬೆಳಕಿಗೆ ಮುಖ ಕೊಟ್ಟು, ತುಟಿ ಬಿಡಿಸಿ ಎಲ್ಲ ಹೇಳಿದಳು. "ಅವನಿಗೆ ಕೇಳಿಸ್ತಿರ್ಲಿಲ್ಲ ಅನ್ನೋದು ನಿಮಗೆ ಗೊತ್ತು. ಅಷ್ಟು ಹೇಳಿದ್ರೆ ಸಾಕು. ಬರ್ತೀರಾ?" ಎಲ್ಲರೂ ತಲೆಯಾಡಿಸಿದರು. ಒಬ್ಬಿಬ್ಬರು ಕಣ್ಣೀರನ್ನೂ ಒರೆಸಿಕೊಂಡರು. ಹೇಳಿಕೆ ಬರೆಸುವ ದಿನ ಅವಳು ಬೆಳಿಗ್ಗೆಯೇ ಹೋಗಿ ಲಾಯರಮ್ಮನ ಕೋಣೆ ಗುಡಿಸಿ, ಬೆಂಚು ಸಾಲದೆಂದು ಕೆಳಗಿನ ಸೈಕಲ್ ಅಂಗಡಿಯಿಂದ ಸ್ಟೂಲು ಹೊತ್ತು ತಂದಳು. ಬಿಸಿಲು ಕಿಟಕಿಯಿಂದ ಒಳಗೆ ಬಂತು, ನೆಲದ ಮೇಲೆ ಹರಿದು ಹೋಯಿತು. ಯಾರೂ ಬರಲಿಲ್ಲ.

"ಎಲ್ಲರೂ ಹೂಂ ಅಂದಿದ್ರು ಅಂದ್ರಲ್ಲ?" ಅಂದಳು ಲಾಯರಮ್ಮ.

ಅತ್ತೆಗೆ ಆಗ ತಿಳಿಯಿತು. ಒಪ್ಪಿದವನನ್ನ ಯಾರೂ ಎರಡನೇ ಸಲ ಕೇಳಲ್ಲ. ಅವರು ಅವಳ ಪಾಠವನ್ನು ಅವಳಿಗೇ ಒಪ್ಪಿಸಿದ್ದರು. ಸಿಟ್ಟು ಮಾಡಿಕೊಳ್ಳಲು ನೋಡಿದಳು, ಬರಲಿಲ್ಲ. ಅವನಿಗೆ ಕೇಳಿಸುವುದಿಲ್ಲ ಅಂತ ಇವರು ಹೇಳಿದರೆ, ಹಾಗಾದರೆ ನಿಮಗೆ ಅಂತ ಮಾಲೀಕರು ಕೇಳದೆ ಬಿಡುತ್ತಾರೆಯೇ?

ಕತ್ತಲಾಗುವ ಹೊತ್ತಿಗೆ ಮೆಟ್ಟಿಲ ಮೇಲೆ ಯಾರೋ ಕೆಮ್ಮಿದರು. ದೊಡ್ಡಣ್ಣ. ಶೆಡ್ಡಿನಲ್ಲೇ ಹಿರಿಯ ನೇಕಾರ, ಅಳಿಯನಿಗೆ ಮಗ್ಗ ಹತ್ತಿಸಿದವನು. ಕಿವಿ ಎಂದೋ ಹೋಗಿತ್ತು. "ಹುಡುಗನ ಮುಖ ಕಣ್ಣ ಮುಂದೆ ಬರುತ್ತೆ ಕಣವ್ವ. ಬಾ, ಎಲ್ಲಿ ಹೆಬ್ಬೆಟ್ಟು ಒತ್ಬೇಕು ತೋರ್ಸು" ಅಂದ. ಅತ್ತೆ ಅಲ್ಲೇ ಕೂತು ಅತ್ತಳು.

ಅಪೀಲಿನ ದಿನ ಕೋರ್ಟಿನಲ್ಲಿ ದೊಡ್ಡಣ್ಣ ಒಗೆದ ಅಂಗಿ ತೊಟ್ಟು ನಿಂತ. ಲಾಯರಮ್ಮ ಅವನೆದುರು ನೇರ ನಿಂತು, ಅತ್ತೆ ಹೇಳಿಕೊಟ್ಟ ಹಾಗೆ ತುಟಿ ತೆರೆದು ಕೇಳಿದಳು. ಅವನು ನೀರು ಕುಡಿದ ಹಾಗೆ ಹೇಳಿದ: ಹುಡುಗನಿಗೆ ಕೊಲೆಗೆ ಮೊದಲೇ ಕಿವಿ ಹೋಗಿತ್ತು; ಬೆನ್ನ ಹಿಂದೆ ಬಿಡಿ, ಪಕ್ಕದಲ್ಲಿ ಕಿರುಚಿದರೂ ತಿಳಿಯುತ್ತಿರಲಿಲ್ಲ; ಗೊತ್ತಾಗದಿದ್ದರೆ ತಲೆಯಾಡಿಸುತ್ತಿದ್ದ. ಅತ್ತೆಯ ಎದೆಯ ಭಾರ ಅರ್ಧ ಇಳಿಯಿತು.

ಆಮೇಲೆ ಎದುರು ವಕೀಲರು ಎದ್ದರು. ಅವರಿಗೆ ತುಟಿ ಮುಚ್ಚುವಂಥ ಮೀಸೆ. ಅತ್ತಿಂದಿತ್ತ ನಡೆದಾಡುತ್ತಾ, ಕಿಟಕಿಯ ಕಡೆ ನೋಡುತ್ತಾ ಕೇಳುವ ಅಭ್ಯಾಸ ಬೇರೆ.

"ಇದನ್ನೆಲ್ಲ ನಿಮಗೆ ಹೇಳಿಕೊಟ್ಟಿದ್ದು ಆರೋಪಿಯ ಅತ್ತೆ, ಅಲ್ಲವೇ?"

ದೊಡ್ಡಣ್ಣ ತಲೆಯಾಡಿಸಿದ.

"ನಿಜವಾಗಿ ಅವನಿಗೆ ಎಲ್ಲ ಕೇಳಿಸುತ್ತಿತ್ತು?"

ತಲೆಯಾಡಿಸಿದ.

"ನೀವು ಈಗ ಹೇಳಿದ್ದು ಸುಳ್ಳು?"

ಅದಕ್ಕೂ ನಮ್ರವಾಗಿ, ದೊಡ್ಡವರಿಗೆ ಒಪ್ಪುವ ಹಾಗೆ, ತಲೆಯಾಡಿಸಿದ.

ಲಾಯರಮ್ಮ ಕುರ್ಚಿ ಬೀಳುವ ಹಾಗೆ ಎದ್ದಳು. "ಸ್ವಾಮಿ, ಈ ಸಾಕ್ಷಿಗೂ ಕೇಳಿಸ್ತಿಲ್ಲ! ಅವತ್ತು ನಡೆದದ್ದು ಇದೇ, ನಿಮ್ಮ ಕಣ್ಣ ಮುಂದೆ ಈಗ ನಡೆದದ್ದು!"

ನ್ಯಾಯಾಧೀಶರು ಕಾಗದ ಬದಿಗಿಟ್ಟು, ಕನ್ನಡಕ ತೆಗೆದು, ಮುಂದಕ್ಕೆ ಬಾಗಿದರು. ಒಳ್ಳೆಯ ಮನುಷ್ಯ. ಮುದುಕನ ಮುಖವನ್ನೇ ನೋಡುತ್ತಾ ನಿಧಾನವಾಗಿ ಕೇಳಿದರು. "ಹೆದರಬೇಡಿ ಅಜ್ಜ. ನಿಮಗೆ ಕಿವಿ ಕೇಳಿಸುತ್ತಾ, ಇಲ್ಲವಾ? ಬಾಯಿಬಿಟ್ಟು ಹೇಳಿ."

ತುಟಿ ಸ್ಪಷ್ಟವಾಗಿತ್ತು. ಅಷ್ಟು ದೂರದಿಂದ ಅತ್ತೆಯೇ ಓದಿದಳು. ದೊಡ್ಡಣ್ಣ ಓದಿದ್ದರಲ್ಲಿ ಸಂಶಯವೇ ಇಲ್ಲ. ಇಲ್ಲ ಅನ್ನು, ಒಂದೇ ಒಂದು ಸಲ ಇಲ್ಲ ಅನ್ನು ದೊಡ್ಡಣ್ಣ. ಅವಳ ತುಟಿ ತಾನಾಗಿಯೇ ಆಡುತ್ತಿತ್ತು. ಆದರೆ ಮುದುಕನ ಕಣ್ಣು ಅವಳನ್ನು ದಾಟಿ ಹಿಂದಿನ ಬೆಂಚಿಗೆ ಹೋಯಿತು. ಅಲ್ಲಿ ಮಾಲೀಕರ ಗುಮಾಸ್ತ ಕೂತು ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ.

"ಚೆನ್ನಾಗಿ ಕೇಳಿಸುತ್ತೆ ಸ್ವಾಮಿ," ಅಂದ ದೊಡ್ಡಣ್ಣ. "ನನ್ನ ಕಿವಿಗೇನೂ ಆಗಿಲ್ಲ."

ಹೊರಗೆ ಜಗಲಿಯಲ್ಲಿ ಅವನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಅತ್ತೆ ಮುಂದೆ ಹೋಗಿ ನಿಂತಳು.

"ಮನೇಲಿ ದುಡಿಯೋನು ನಾನೊಬ್ಬನೇ ಕಣವ್ವ."

"ಗೊತ್ತು ದೊಡ್ಡಣ್ಣ."

"ಉಗಿಯಾದ್ರೂ ಉಗಿ ನನ್ನ ಮುಖಕ್ಕೆ."

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ನಡಿ, ಚಹಾ ಕುಡಿ."

ಬಂದವನು ಅವನೊಬ್ಬನೇ ತಾನೇ? ಅವನ ಮೇಲೆ ಮುನಿಸಿಕೊಂಡರೆ ಬಾರದವರ ಮೇಲೆ ಏನು ಮಾಡುವುದು?

ಶಿಕ್ಷೆ ಖಾಯಂ ಆಯಿತು. ಇನ್ನೂ ಮೇಲಿನ ಕೋರ್ಟೊಂದಿದೆ, ಅಲ್ಲಿ ಬಾಗಿಲು ಕಿಂಡಿಯಷ್ಟೇ ತೆರೆದಿರುತ್ತದೆ, ಆದರೂ ತಟ್ಟೋಣ ಅಂದಳು ಲಾಯರಮ್ಮ. ಅವತ್ತು ಅವಳು ಬಿಸ್ಕತ್ತು ಮುಟ್ಟಲಿಲ್ಲ.

ತೀರ್ಪಿನ ಸಂಜೆ ಅತ್ತೆ ದೀಪವನ್ನೂ ಹಾಕದೆ ಕೂತಿದ್ದಾಗ ಮಗಳು ಬಂದಳು. ದೊಡ್ಡಣ್ಣನ ಸಾಕ್ಷಿಯ ದಿನ ಕೋರ್ಟಿನ ಹಿಂದಿನ ಸಾಲಿನಲ್ಲಿ ತಾನೂ ಕೂತಿದ್ದೆ ಅಂದಳು. ಬಂದದ್ದು ಯಾಕೆಂದು ಅತ್ತೆ ಕೇಳಲಿಲ್ಲ. ಹೊಸಿಲ ಮೇಲೆ ಕೂತು ಮಗಳು ಕೇಳಿದಳು:

"ಅಮ್ಮ, ದೀಪ ಆರಿಸಿದ ಮೇಲೆ ಮಾತಾಡಿದ್ರೆ ಅವನಿಗೆ ಗೊತ್ತಾಗ್ತಿತ್ತಾ?"

"ತುಟಿ ಕಾಣದಿದ್ರೆ ಹೇಗೆ ಗೊತ್ತಾಗುತ್ತೆ?"

ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ತುಂಡು ತುಂಡಾಗಿ ಹೊರಬಂತು. ಮದುವೆಯಾದ ಹೊಸತರಲ್ಲಿ ಒಮ್ಮೆ ಹೊಟ್ಟೆಯಲ್ಲಿ ನಿಂತಿತ್ತು. ಅಮ್ಮನಿಗೂ ಹೇಳಿರಲಿಲ್ಲ, ಗಂಡನಿಗೇ ಮೊದಲು ಹೇಳಬೇಕೆಂದು ಕಾದಿದ್ದಳು. ಹೇಳುವ ಮೊದಲೇ ಅದು ಹೋಯಿತು. "ಬೆಳಕಲ್ಲಿ ಮುಖ ನೋಡ್ಕೊಂಡು ಹೇಳೋಕೆ ಆಗ್ಲಿಲ್ಲ ಅಮ್ಮ. ದೀಪ ಆರಿಸಿ, ಅವನ ಭುಜ ಹಿಡ್ಕೊಂಡು ಎಲ್ಲ ಹೇಳಿದೆ. ಹೂಂ ಅಂದ. ಮಗ್ಗುಲು ತಿರುಗಿ ನಿದ್ದೆ ಹೋದ. ಇವನ ಎದೆ ಕಲ್ಲು ಅಂದ್ಕೊಂಡೆ. ಕೊಲೆ ಮಾಡಿದ ಅಂತ ಜನ ಹೇಳಿದಾಗ ನಂಗೆ ನಂಬೋಕೆ ಕಷ್ಟವೇ ಆಗ್ಲಿಲ್ಲ."

ಅತ್ತೆ ಕತ್ತಲಲ್ಲೇ ತಡಕಿ ಮಗಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

ಭೇಟಿಯ ದಿನ ಇಬ್ಬರೂ ಹೋದರು. ಅತ್ತೆಯ ಹಿಂದೆ ಹೆಂಡತಿಯನ್ನು ಕಂಡು ಅಳಿಯ ಅಂಗಿಯ ಕಾಲರು ಸರಿಮಾಡಿಕೊಂಡ. ತೀರ್ಪನ್ನು ಅತ್ತೆಯೇ ಹೇಳಿದಳು. ಒಂದೊಂದು ಮಾತನ್ನೂ ಬಿಡಿಸಿ, ಯಾವುದನ್ನೂ ನುಂಗದೆ. ಅವನು ಕೊನೆಯವರೆಗೂ ಅವಳ ತುಟಿಯಿಂದ ಕಣ್ಣು ಕೀಳಲಿಲ್ಲ.

"ದೊಡ್ಡಣ್ಣನ್ನ ಬೈಬೇಡಿ ಅತ್ತೆ," ಅಂದ. "ನಾನಾಗಿದ್ರೂ ಹಾಗೇ ಹೇಳ್ತಿದ್ದೆ."

ಅತ್ತೆ ಪಕ್ಕಕ್ಕೆ ಸರಿದು ಮಗಳನ್ನು ಜಾಲರಿಯ ಮುಂದೆ ನಿಲ್ಲಿಸಿದಳು. ಮಗಳಿಗೆ ಶೆಡ್ಡಿನ ವಿದ್ಯೆ ಗೊತ್ತಿಲ್ಲ. ಸುತ್ತಲಿನವರ ಹಾಗೆ ಕಿರುಚಿದಳು, ಅಳು ಬಂದು ಮಾತು ಕಲಸಿಹೋಯಿತು. ಅವನು ಎಂದಿನ ಹಾಗೆ ತಲೆಯಾಡಿಸತೊಡಗಿದ. ಅತ್ತೆ ಜಾಲರಿಯನ್ನು ಬೆರಳಿಂದ ಬಡಿದಳು.

"ಆಡಿಸ್ಬೇಡ. ಗೊತ್ತಾಗದಿದ್ರೆ ಗೊತ್ತಾಗ್ಲಿಲ್ಲ ಅನ್ನು."

ಅವನು ನಾಚಿಕೊಂಡ. ಹೆಂಡತಿಯ ಮುಖ ನೋಡಿ, "ಗೊತ್ತಾಗ್ಲಿಲ್ಲ" ಅಂದ.

"ಕೂಗ್ಬೇಡ," ಅಂದಳು ಅತ್ತೆ ಮಗಳ ಕಿವಿಯಲ್ಲಿ. "ದನಿ ಬೇಡ. ತುಟಿ ಅಗಲಿಸು. ನಿಧಾನ."

ಮಗಳು ಕಣ್ಣೊರೆಸಿಕೊಂಡು ಮತ್ತೆ ಹೇಳಿದಳು. ಅವನು ಹುಬ್ಬು ಗಂಟಿಕ್ಕಿದ. "ಗೊತ್ತಾಗ್ಲಿಲ್ಲ. ಇನ್ನೊಂದ್ಸಲ." ಅವಳು ಇನ್ನೊಂದು ಸಲ ಹೇಳಿದಳು, ಹೇಳುತ್ತಾ ಒಂದು ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಈ ಸಲ ಅವನು ತಲೆಯಾಡಿಸಲೂ ಇಲ್ಲ, ಗೊತ್ತಾಗಲಿಲ್ಲ ಅನ್ನಲೂ ಇಲ್ಲ. ಅವನ ಬೆರಳುಗಳು ಜಾಲರಿಯ ಕಣ್ಣುಗಳೊಳಗೆ ನುಗ್ಗಿ ಹಿಡಿದುಕೊಂಡವು.

"ಯಾವಾಗ?" ಅಂದ.

ಮಗಳು ತುಟಿ ತೆರೆದಳು. ಅತ್ತೆ ಅವರಿಬ್ಬರಿಗೂ ಬೆನ್ನು ಹಾಕಿ, ಸುಣ್ಣ ಉದುರಿದ ಗೋಡೆಗೆ ಮುಖ ಮಾಡಿ ನಿಂತಳು. ನೋಡಿದರೆ ಎಲ್ಲವನ್ನೂ ಓದಿಬಿಡುತ್ತಿದ್ದಳು.